ವಿಷಯದ ಸಹಿ

ನಮ್ಮ ಸೋದರಮಾವ 62 ವರ್ಷ ಮನುಷ್ಯರಾಗಿ ಬದುಕಿದರು. ಹೋದ ವರ್ಷ ಮಳೆಗಾಲದಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯ ಜನರಲ್ ಮೆಡಿಸಿನ್ ವಾರ್ಡಿನಲ್ಲಿ, ಬೆಳಗ್ಗೆ ಹತ್ತೂವರೆಗೆ ವಿಷಯವಾದರು.

ಸಂಶೋಧನೆಗೆ ರಕ್ತ ಕೊಡಲು ಒಪ್ಪಿಗೆ ಕೇಳುವ ಕಾಗದದಲ್ಲಿ ಹಾಗೇ ಇತ್ತು. ಮೇಲೆ 'ವಿಷಯದ ಹೆಸರು'. ಕೆಳಗೆ 'ವಿಷಯದ ಸಹಿ ಅಥವಾ ಹೆಬ್ಬೆಟ್ಟಿನ ಗುರುತು'. ಇಂಗ್ಲಿಷಿನಲ್ಲಿ ಸಬ್ಜೆಕ್ಟ್, ಅಂದರೆ ಅಧ್ಯಯನಕ್ಕೆ ಒಳಗಾಗುವ ಮನುಷ್ಯ, ಅಂತ ಇದ್ದದ್ದನ್ನು ಯಾರೋ ಪುಣ್ಯಾತ್ಮರು ನಿಘಂಟು ನೋಡಿ ಕನ್ನಡ ಮಾಡಿದ್ದರು. ತಪ್ಪೇನಿಲ್ಲ. ಶಾಲೆಯಲ್ಲಿ ನಮಗೂ ಆರು ವಿಷಯ ಇದ್ದವು. ಅವು ಯಾವುವೂ ಸಹಿ ಹಾಕುತ್ತಿರಲಿಲ್ಲ, ಅಷ್ಟೇ.

ಮಾವ ಮಾಗಡಿ ಕಡೆಯ ರೈತರು. ಜ್ವರ ಅಂತ ಬಂದಿದ್ದರು, ಜೊತೆಗೆ ಹಳೆಯ ಸಕ್ಕರೆ ಕಾಯಿಲೆ. ಕಾಗದ ತಂದವರು ಒಬ್ಬ ಪಿಜಿ, ಅಂದರೆ ಎಂಡಿ ಓದುತ್ತಿರುವ, ಡಾಕ್ಟರಮ್ಮ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಕಣ್ಣ ಕೆಳಗೆ ಎರಡು ನೈಟ್ ಡ್ಯೂಟಿಯ ಕಪ್ಪು. ಊರು ಉತ್ತರದ ಕಡೆ. ಸರ್ಕಾರಿ ಕಾಲೇಜುಗಳ ಪಿಜಿ ಸೀಟಿನಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಅವರು ಬರುತ್ತಾರೆ, ವಾರ್ಡಿನಲ್ಲೇ ಕನ್ನಡ ಕಲಿಯುತ್ತಾರೆ. ಈಕೆಯ ಕನ್ನಡ ಚೆನ್ನಾಗಿಯೇ ಇತ್ತು. "ಜ್ವರ ಬಿಡ್ತಾ", "ಮೋಷನ್ ಆಯ್ತಾ", "ಊಟ ಮಾಡಿದ್ರಾ", "ಕೆಮ್ಮು ಇದೆಯಾ". ಬದುಕಿಗೆ ಇಷ್ಟು ಸಾಕು. ಸಂಶೋಧನೆಗೆ ಸಾಲದು.

"ಅಂಕಲ್, ರಕ್ತ ಸ್ವಲ್ಪ ಜಾಸ್ತಿ ಬೇಕು. ಥೀಸಿಸ್. ಇಲ್ಲಿ ಸೈನ್."

ಮಾವ ಕನ್ನಡಕ ಹುಡುಕಿದರು. ನಾಲ್ಕನೇ ಕ್ಲಾಸು ಓದಿದ ಮನುಷ್ಯ, ಆದರೆ ಓದದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ನೈಸ್ ರಸ್ತೆ ಬಂದ ಕಾಲದಲ್ಲಿ ಕಲಿತ ಪಾಠ ಅದು. ಜೋರಾಗಿ ಓದಿದರು: "ಸದರಿ ಅಧ್ಯಯನದಲ್ಲಿನ ನನ್ನ ಸ್ವಯಂಪ್ರೇರಿತ ಪಾಲ್ಗೊಳ್ಳುವಿಕೆಯನ್ನು ಯಾವುದೇ ಕಾರಣ ನೀಡದೆ, ನನ್ನ ಕಾನೂನಾತ್ಮಕ ಹಕ್ಕುಗಳು ಬಾಧಿತವಾಗದಂತೆ, ಯಾವುದೇ ಸಮಯದಲ್ಲಿ ಹಿಂಪಡೆಯಲು ನಾನು ಸ್ವತಂತ್ರನಿರುತ್ತೇನೆಂದು ಅರ್ಥೈಸಿಕೊಂಡಿರುತ್ತೇನೆ."

ಓದಿ ಮುಗಿಸಿ ನನ್ನ ಮುಖ ನೋಡಿದರು. "ಇದು ಯಾವ ಸರ್ವೆ ನಂಬರೋ? ಚಕ್ಕುಬಂದಿ ಎಲ್ಲಿ?"

ಅವರ ತಪ್ಪಲ್ಲ. 'ಸದರಿ', 'ಹಿಂಪಡೆಯಲು', 'ಹಕ್ಕುಗಳು' ಅಂತ ಒಂದೇ ಸಾಲಿನಲ್ಲಿ ಕಂಡರೆ ನಮ್ಮ ಕಡೆಯವರು ಮೊದಲು ಜಮೀನು ನೆನೆಸಿಕೊಳ್ಳುತ್ತಾರೆ. ಆ ಸಾಲಿನಲ್ಲಿ ಇರುವ ಮಾತು ಇಷ್ಟೇ: ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಆಗುವುದಿಲ್ಲ. ಇದನ್ನು ಮಾಗಡಿ ಬಸ್ಸಿನ ಕಂಡಕ್ಟರ್ ಒಂದೇ ಉಸಿರಿಗೆ ಹೇಳುತ್ತಾನೆ, ಚಿಲ್ಲರೆಯನ್ನೂ ಕೊಡುತ್ತಾನೆ.

ಈ ಕನ್ನಡ ಎಲ್ಲಿಂದ ಬರುತ್ತದೆ ಅಂತ ಆಮೇಲೆ ವಿಚಾರಿಸಿದೆ. ಒಪ್ಪಿಗೆ ಪತ್ರವನ್ನು ಮೊದಲು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಕನ್ನಡಕ್ಕೆ ಮಾಡಿಸುತ್ತಾರೆ. ಎಷ್ಟೋ ಕಡೆ ಆ ಕನ್ನಡವನ್ನು ಇನ್ನೊಬ್ಬರ ಕೈಲಿ ವಾಪಸ್ ಇಂಗ್ಲಿಷಿಗೆ ಮಾಡಿಸಿ, ಎರಡೂ ತಾಳೆ ಆಗುತ್ತದಾ ಅಂತ ನೋಡುತ್ತಾರೆ. ತಾಳೆ ಆದರೆ ಸರ್ಟಿಫಿಕೇಟು. ಈಗ ಅನುವಾದ ಮಾಡುವವರ ಜಾಗದಲ್ಲಿ ನಿಂತು ಯೋಚಿಸಿ. 'ರೋಗಿ' ಅಂತ ಬರೆದರೆ ವಾಪಸ್ ಹೋಗುವಾಗ ಪೇಶೆಂಟ್ ಆಗುತ್ತದೆ. 'ನೀವು' ಅಂದರೆ ಯೂ ಆಗುತ್ತದೆ. 'ವಿಷಯ' ಅಂತ ಬರೆಯಿರಿ, ನೆಟ್ಟಗೆ ಸಬ್ಜೆಕ್ಟ್ ಆಗಿ ಮನೆ ಸೇರುತ್ತದೆ. ಹೋಗಿ ಬರಲು ಟಿಕೆಟ್ ತೆಗೆದುಕೊಂಡೇ ಹೊರಟ ಕನ್ನಡ ಇದು. ನಡುವೆ ನಮ್ಮೂರಲ್ಲಿ ಇಳಿಯುವುದೇ ಇಲ್ಲ.

ತಮಾಷೆ ಏನೆಂದರೆ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ತಾಂತ್ರಿಕ ಪದಗಳಿಲ್ಲದೆ ಹೇಳಬೇಕು ಅಂತ ನಿಯಮವೇ ಇದೆ. ಆ ನಿಯಮ ಸುಮ್ನೆ ಬಂದದ್ದಲ್ಲ. ತಮ್ಮ ಮೈಮೇಲೆ ಔಷಧ ಪ್ರಯೋಗ ನಡೆಯುತ್ತಿದೆ ಅಂತ ಗೊತ್ತೇ ಇಲ್ಲದ ಬಡವರ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2013ರಲ್ಲಿ, ಔಷಧ ಪ್ರಯೋಗದಲ್ಲಿ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕು ಅನ್ನುವ ಆದೇಶ ಬಂತು. 2015ರಲ್ಲಿ ಅದನ್ನು ಸಡಿಲ ಮಾಡಿದರು. 2019ರಲ್ಲಿ ಎಲ್ಲ ಸೇರಿಸಿ ಹೊಸ ನಿಯಮಾವಳಿ ತಂದರು. ಓದು ಬರದವರ ಹತ್ತಿರ ಒಪ್ಪಿಗೆ ಪಡೆಯುವಾಗ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬರು ಉದ್ದಕ್ಕೂ ಹಾಜರಿರಬೇಕು ಅಂತಲೂ ಇದೆ.

ಆ ಸಾಕ್ಷಿ ಯಾರು ಅಂತೀರಾ? ನಾನು.

ಪಕ್ಕದ ಮಂಚದ ಅಜ್ಜಿಗೆ ಓದು ಬರುತ್ತಿರಲಿಲ್ಲ. ಡಾಕ್ಟರಮ್ಮ ಸುತ್ತ ನೋಡಿದರು. ಪಕ್ಷಪಾತವಿಲ್ಲದವರು ಅಂದರೆ ಕೈಲಿ ಪೆನ್ನು ಇರುವವರು ಅಂತ ಅರ್ಥ. "ಸರ್, ಒಂದು ಸೈನ್." ಅಜ್ಜಿಗೆ ಎಲ್ಲ ವಿವರಿಸಿದ್ದನ್ನು ನಾನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ ಅಂತ ಬರೆದಿತ್ತು. ವಿವರಣೆ ನಾನು ಕಂಡಷ್ಟು ಹೀಗಿತ್ತು: "ಅಜ್ಜಿ, ಬ್ಲಡ್." ಅಜ್ಜಿ ಕೈ ಚಾಚಿದರು. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಮದುವೆಗೆ ಸಾಕ್ಷಿ ಹಾಕುವವರು ಕೂಡ ಗಂಡು ಯಾರು, ಹೆಣ್ಣು ಯಾರು ಅಂತ ಒಂದು ಸಲ ಕೇಳುತ್ತಾರೆ. ನಾನು ಅದನ್ನೂ ಕೇಳಲಿಲ್ಲ. ಇದು ನಗುವ ಮಾತಲ್ಲ, ಗೊತ್ತು. ಆದರೂ ಹಾಕಿದೆ. ಹಿಂದೆ ಆರು ಮಂಚ ಕಾಯುತ್ತಿದ್ದವು.

ಇದಕ್ಕೆಲ್ಲ ಮೊದಲೇ, ಸಂಶೋಧನೆಯಲ್ಲಿ ಜನರಿಗೆ ಅನ್ಯಾಯ ಆಗದ ಹಾಗೆ ನೋಡುವ ನೀತಿ ಸಮಿತಿ ಒಪ್ಪಿಗೆ ಕೊಟ್ಟಿರುತ್ತದೆ. ಔಷಧ ಪ್ರಯೋಗದ ನೀತಿ ಸಮಿತಿಯಲ್ಲಿ ಯಾರಿರಬೇಕು ಅಂತ 2019ರ ನಿಯಮ ಓದಿದೆ. ಕಡಿಮೆ ಅಂದರೂ ಏಳು ಜನ. ಅರ್ಧದಷ್ಟು ಜನ ಹೊರಗಿನವರು. ಒಬ್ಬ ಕಾನೂನು ಬಲ್ಲವರು. ಒಬ್ಬ ಮಹಿಳೆ. ಸಮಾಜ ವಿಜ್ಞಾನಿಯೋ, ಸ್ವಯಂಸೇವಾ ಸಂಸ್ಥೆಯವರೋ, ತತ್ವಜ್ಞಾನಿಯೋ, ಧರ್ಮಶಾಸ್ತ್ರ ಬಲ್ಲವರೋ ಒಬ್ಬರು. ನಂತರ ಬರುತ್ತದೆ ನನಗೆ ಬಹಳ ಇಷ್ಟವಾದ ಹುದ್ದೆ: ಒಬ್ಬ ಸಾಮಾನ್ಯ ವ್ಯಕ್ತಿ. ನಮ್ಮಂಥವರ ಪರವಾಗಿ ಓದಿ, "ಸ್ವಾಮಿ, ಇದು ಅರ್ಥ ಆಗ್ತಿಲ್ಲ" ಅಂತ ಹೇಳುವುದೇ ಅವರ ಕೆಲಸ. ನಮ್ಮ ಏರಿಯಾದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಎಲ್ಲೋ ಒಂದು ಸಮಿತಿಯಲ್ಲಿ ಸಾಮಾನ್ಯ ವ್ಯಕ್ತಿ. ಸಾಮಾನ್ಯ ಅನ್ನಿಸಿಕೊಳ್ಳಲು ಬಯೋಡೇಟಾ ಕೊಟ್ಟು ನೇಮಕ ಪತ್ರ ತೆಗೆದುಕೊಂಡಿದ್ದಾರೆ. "ನೀವು ಕನ್ನಡ ಪ್ರತಿ ಓದ್ತೀರಾ ಸರ್?" ಅಂತ ಕೇಳಿದೆ. "ಇಂಗ್ಲಿಷ್ ಪ್ರತಿ ಚೆನ್ನಾಗಿರುತ್ತೆ, ಅದನ್ನೇ ಓದ್ತೀನಿ" ಅಂದರು. ಅಷ್ಟರಲ್ಲಿ ಅವರೂ ಅಸಾಮಾನ್ಯರಾಗಿದ್ದರು.

ಮಾವನ ಕಥೆಗೆ ಬರೋಣ. ವಿಷಯದ ಹೆಸರು ಅನ್ನುವಲ್ಲಿ ಏನು ಬರೆಯಬೇಕು ಅಂತ ಅವರು ಬಹಳ ಹೊತ್ತು ಯೋಚಿಸಿ 'ಜ್ವರ' ಅಂತ ಬರೆದರು. "ಮಾವ, ವಿಷಯ ನೀವೇ" ಅಂದೆ. "ನಾನ್ಯಾವಾಗಲೋ ವಿಷಯ ಆದೆ?" ಅಂದರು. ಆಮೇಲೆ ಡಾಕ್ಟರಮ್ಮನನ್ನು ಕೇಳಿದರು, "ತಿಂಡಿ ಆಯ್ತೇನಮ್ಮಾ?" ಆಕೆ ಇಲ್ಲ ಅಂತ ತಲೆ ಆಡಿಸಿದರು. ಮಾವ ಸಹಿ ಹಾಕಿಬಿಟ್ಟರು. ಕೈ ಚಾಚಿದರು. "ತಗೋ ಮಗಾ, ಬೇಗ ತಗೊಂಡು ಹೋಗಿ ಏನಾದ್ರೂ ತಿನ್ನು."

ಮೂರು ಪುಟದ ಪತ್ರದಲ್ಲಿ ಅಪಾಯ ಇತ್ತು, ಲಾಭ ಇತ್ತು, ಗೋಪ್ಯತೆ ಇತ್ತು. ಪಾಪ ಅನ್ನಿಸಿದ್ದರಿಂದ ಒಪ್ಪಿದ್ದೇನೆ ಅಂತ ಟಿಕ್ ಮಾಡಲು ಮಾತ್ರ ಜಾಗ ಇರಲಿಲ್ಲ.

ಥೀಸಿಸ್ ಏನು ಅಂತ ನಾನೇ ಕೇಳಿದೆ. ಸಕ್ಕರೆ ಕಾಯಿಲೆ ಇರುವವರ ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆ ಇರುತ್ತದಾ ಅಂತ ನೋಡುವುದಂತೆ. ಶೀರ್ಷಿಕೆಯ ಕೊನೆಗೆ ತಪ್ಪದೆ 'ಒಂದು ಟರ್ಷಿಯರಿ ಕೇರ್ ಆಸ್ಪತ್ರೆಯಲ್ಲಿ' ಅಂತ ಇರುತ್ತದೆ. ಸಕ್ಕರೆ ಏರಿದಾಗ ಮೂತ್ರ ಜಾಸ್ತಿ ಹೋಗುತ್ತದೆ, ಅದರ ಜೊತೆ ಮೆಗ್ನೀಸಿಯಮ್ಮೂ ಹೋಗುತ್ತದೆ. ದಶಕಗಳಿಂದ ಗೊತ್ತಿರುವ ಮಾತು. ಆದರೆ ನಮ್ಮ ಆಸ್ಪತ್ರೆಯಲ್ಲಿ, ಈ ಬ್ಯಾಚಿನವರ ಕೈಯಲ್ಲಿ, ಅದು ಮತ್ತೆ ಗೊತ್ತಾಗಬೇಕು. ಹೋದ ಸಲ ಸೀನಿಯರ್ ಒಬ್ಬರಿಗೆ ಗೊತ್ತಾಗಿತ್ತಂತೆ. ಮುಂದಿನ ಸಲ ಜೂನಿಯರಿಗೆ ಗೊತ್ತಾಗುತ್ತದೆ. ವಿಷಯಕ್ಕೆ ಬರವಿಲ್ಲ. ಎರಡು ಅರ್ಥದಲ್ಲೂ.

ಆಕೆಯನ್ನು ದೂರುವ ಹಾಗಿಲ್ಲ. ಮೂರು ವರ್ಷದ ಎಂಡಿ. ಥೀಸಿಸ್ ಒಪ್ಪದೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೋರ್ಸಿಗೆ ಸೇರಿ ಲ್ಯಾಬ್ ಎಲ್ಲಿದೆ ಅಂತ ಗೊತ್ತಾಗುವಷ್ಟರಲ್ಲಿ ವಿಷಯ ಆರಿಸಬೇಕು. ಹಗಲು ಒಪಿಡಿ, ರಾತ್ರಿ ಕ್ಯಾಶುವಲ್ಟಿ, ನಡುವೆ ಸಿಕ್ಕ ಇಪ್ಪತ್ತು ನಿಮಿಷದಲ್ಲಿ ವಿಜ್ಞಾನ. ಎಷ್ಟು ರೋಗಿಗಳು ಬೇಕು ಅನ್ನುವುದಕ್ಕೆ ಒಂದು ಸೂತ್ರ ಇದೆ. ಮೊದಲು ಎಷ್ಟು ಜನ ಸಿಗುತ್ತಾರೆ ಅಂತ ಅಂದಾಜು ಮಾಡುತ್ತಾರೆ, ಆಮೇಲೆ ಸೂತ್ರ ಅದೇ ಸಂಖ್ಯೆಯನ್ನು ಹೇಳುವ ಹಾಗೆ ನೋಡಿಕೊಳ್ಳುತ್ತಾರೆ.

ಕೊನೆಗೆ ಎಲ್ಲವೂ ಲೆಕ್ಕದವರ ಕೈಗೆ ಹೋಗುತ್ತದೆ. ಅವರು ಪಿ ಅನ್ನುವ ಒಂದು ಅಂಕಿ ತೆಗೆಯುತ್ತಾರೆ. ನಿಜಕ್ಕೂ ಸಂಬಂಧ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು ಅಂತ ಹೇಳುವ ಅಂಕಿ. ಅದು 0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶ 'ಸಿಗ್ನಿಫಿಕೆಂಟ್', ಮನೆಯಲ್ಲಿ ಪಾಯಸ. 1925ರಲ್ಲಿ ರೊನಾಲ್ಡ್ ಫಿಶರ್ ಅನ್ನುವ ಇಂಗ್ಲೆಂಡಿನ ಲೆಕ್ಕಿಗರು ಅನುಕೂಲಕ್ಕೆ ಇರಲಿ ಅಂತ ಹೇಳಿದ ಗಡಿ ಅದು. ಇವತ್ತಿಗೂ ಟೋಲ್ ಗೇಟಿನ ಹಾಗೆ ನಿಂತಿದೆ. ಏನೂ ಸಂಬಂಧವಿಲ್ಲದ ಇಪ್ಪತ್ತು ಸಂಗತಿಗಳನ್ನು ತಾಳೆ ನೋಡಿದರೆ, ಸರಾಸರಿ ಒಂದು ಆಕಸ್ಮಿಕವಾಗಿ ಈ ಗೇಟು ದಾಟುತ್ತದೆ. ಆದ್ದರಿಂದ ಜಾಣರು ಇಪ್ಪತ್ತೂ ನೋಡುತ್ತಾರೆ. "ಮೇಡಂ, ಸಿಗ್ನಿಫಿಕೆಂಟ್ ಬರಬೇಕಾ, ಬರೋದು ಬೇಡ್ವಾ?" ಅಂತ ಒಬ್ಬ ಲೆಕ್ಕದವರು ಮೊದಲೇ ಕೇಳಿಬಿಟ್ಟರಂತೆ. ದೋಸೆ ಹೋಟೆಲಿನಲ್ಲಿ ಈರುಳ್ಳಿ ಹಾಕಲಾ ಅಂತ ಕೇಳಿದ ಹಾಗೆ.

ಇಷ್ಟೆಲ್ಲ ಮಾಡಿದ ಥೀಸಿಸ್‌ಗಳು ಎಲ್ಲಿ ಹೋಗುತ್ತವೆ? 2016ರಲ್ಲಿ ಪ್ರಕಟವಾದ ಒಂದು ಲೆಕ್ಕ ನೋಡಿದೆ. ದೇಶದ 579 ವೈದ್ಯಕೀಯ ಸಂಸ್ಥೆಗಳನ್ನು ಪರಿಶೀಲಿಸಿದ್ದರು. 2005ರಿಂದ 2014ರವರೆಗೆ ಅವುಗಳಲ್ಲಿ 332 ಸಂಸ್ಥೆಗಳಿಂದ ಒಂದೇ ಒಂದು ಸಂಶೋಧನಾ ಲೇಖನವೂ ಬಂದಿರಲಿಲ್ಲ. ಹತ್ತು ವರ್ಷ. ಅಷ್ಟೂ ವರ್ಷ ರಕ್ತ ಹೋಗುತ್ತಲೇ ಇತ್ತಲ್ಲ?

ವಾರ್ಡಿನಲ್ಲಿ ಐದು ದಿನ ಸ್ಟೂಲಿನ ಮೇಲೆ ಕೂತು ನನಗೂ ಕೆಲವು ಪ್ರಶ್ನೆ ಬಂದವು. ಒಪಿಡಿ ಚೀಟಿ ಮಾಡಿಸಿದವರಿಗೆ ಮಂಚ ಸಿಗಲು ಎಷ್ಟು ಗಂಟೆ ಬೇಕು? ತಿಂಗಳ ಕೊನೆಯ ವಾರ ಸಕ್ಕರೆ ಮಾತ್ರೆ ನಿಲ್ಲಿಸುವವರು ಎಷ್ಟು ಜನ? ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಎಲ್ಲಿಡುತ್ತಾರೆ? ಮಾವ ಮಡಕೆಯಲ್ಲಿ ನೀರು ಹಾಕಿ ಅದರೊಳಗೆ ಡಬ್ಬಿ ಇಟ್ಟು ಇಡುತ್ತಾರೆ. ಹಾಗೆ ಇಟ್ಟಿದ್ದು ಕೆಡುತ್ತದಾ, ಇಲ್ಲವಾ? ಡಾಕ್ಟರಮ್ಮನಿಗೆ ಹೇಳಿದೆ. ಆಕೆಯ ಮುಖ ಅರಳಿತು. ಮರುಕ್ಷಣ ಬಾಡಿತು. ಥೀಸಿಸ್ಸಿನ ಯೋಜನೆಗೆ ಸಿನಾಪ್ಸಿಸ್ ಅನ್ನುತ್ತಾರೆ. "ಸಿನಾಪ್ಸಿಸ್ ಸಬ್ಮಿಟ್ ಆಗಿಬಿಟ್ಟಿದೆ ಸರ್."

ಏಳೆಂಟು ತಿಂಗಳ ಮೇಲೆ ಮಾವನನ್ನು ಚೆಕಪ್‌ಗೆ ಕರೆದುಕೊಂಡು ಹೋಗಿದ್ದೆ. ಕಾರಿಡಾರಿನಲ್ಲಿ ಆಕೆ ಎದುರಾದರು. ಎದೆಗೆ ಅಪ್ಪಿಕೊಂಡ ಐದು ದಪ್ಪ ಪುಸ್ತಕ. ಅವೆನ್ಯೂ ರಸ್ತೆಯ ಬೈಂಡಿಂಗು, ಮೆರೂನ್ ರಟ್ಟು, ಚಿನ್ನದ ಅಕ್ಷರ. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಮಾವನಿಗೆ ಗುರುತು ಸಿಕ್ಕಿತು. "ತಿಂಡಿ ಆಯ್ತೇನಮ್ಮಾ?" ಈ ಸಲ ಆಗಿತ್ತು.

ಒಂದು ಪ್ರತಿ ತೆಗೆದು ಮಾವನ ಕೈಗೆ ಕೊಟ್ಟರು. ಮೊದಲಿಗೆ ಬರೀ ಸರ್ಟಿಫಿಕೇಟು. ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಪ್ರಿನ್ಸಿಪಾಲರ ಸಹಿ, ನೀತಿ ಸಮಿತಿ ಸಹಿ, ನಕಲು ಮಾಡಿಲ್ಲ ಅನ್ನುವುದಕ್ಕೆ ಇನ್ನೊಂದು ಸಹಿ. ಎಲ್ಲರೂ ಓದಿದ್ದೇವೆ ಅಂತ ಬರೆದು ಹಾಕಿದ ಸಹಿಗಳು. ಮಾವ ಅವನ್ನು ನೋಡಿ ತಮ್ಮದೂ ಸೇರಿಸಿ ಲೆಕ್ಕ ಹಾಕುತ್ತಿದ್ದರು ಅನ್ನಿಸುತ್ತದೆ.

"ಇದರಲ್ಲಿ ನಾನೆಲ್ಲಿದೀನಿ?"

ಕೊನೆಯಲ್ಲಿ ಮಾಸ್ಟರ್ ಚಾರ್ಟ್ ಇರುತ್ತದೆ. ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲು. ಹೆಸರಿಲ್ಲ, ಗೋಪ್ಯತೆ. ವಯಸ್ಸು, ಗಂಡು ಹೆಣ್ಣು, ಆಮೇಲೆ ಅಂಕಿ. ಮಾವ ಬೆರಳಿಟ್ಟು ಇಳಿದರು. 62, ಗಂಡು. ಅಂಥವರು ಮೂವರಿದ್ದರು. "ಇವನಿರಬೇಕು, ಇವನ ಸಕ್ಕರೆ ನಂದರ ಥರಾನೇ ಇದೆ" ಅಂತ 37ನೇ ಸಾಲನ್ನು ಆರಿಸಿಕೊಂಡರು.

"ಸರಿ, ಏನು ಸಿಕ್ತಮ್ಮಾ ಕೊನೆಗೆ?"

"ಸಂಬಂಧ ಇದೆ ಅಂಕಲ್. ಸಕ್ಕರೆಗೂ ಮೆಗ್ನೀಸಿಯಂಗೂ."

"ಯಾರ ಕಡೆಯಿಂದ?"

ಆಕೆ ಕನ್ನಡದಲ್ಲಿ ಅಷ್ಟು ಮುಂದೆ ಹೋಗಿರಲಿಲ್ಲ. ಮುಗಿಸುವ ಪುಟ ತೆಗೆದು ತೋರಿಸಿದರು. ಕೊನೆಯ ಸಾಲನ್ನು ನಾನೇ ಮಾವನಿಗೆ ಕನ್ನಡ ಮಾಡಿ ಹೇಳಿದೆ: ಇನ್ನೂ ಹೆಚ್ಚು ಜನರನ್ನು ಇಟ್ಟುಕೊಂಡು ಇನ್ನೂ ಅಧ್ಯಯನ ಆಗಬೇಕು.

ಮಾವ ಪುಸ್ತಕ ಮುಚ್ಚಿ ವಾಪಸ್ ಕೊಟ್ಟರು. ಅಂಗಿಯ ತೋಳು ಮೇಲೆ ಮಡಚುತ್ತಾ ಸುತ್ತ ನೋಡಿದರು. "ಹಂಗಾದ್ರೆ ಇವತ್ತು ಎಲ್ಲಿ ಮಲಗಬೇಕಮ್ಮಾ?"