ಮೂಗು ಅವರಿಗೆ, ಬಾಲ ನನಗೆ

ಮೂರು ಜನ ಸೇರಿ ಒಂದು ವಿಮಾನ ಕೊಂಡರೆ ಅದನ್ನು ಕೆಡಿಸುವವನು ಯಾವಾಗಲೂ ನಾಲ್ಕನೆಯವನು. ಆ ನಾಲ್ಕನೆಯವನನ್ನು ನಾವು ಯಾರೂ ಕಣ್ಣಾರೆ ಕಂಡಿಲ್ಲ. ಆದರೆ ಹೋದ ವಾರ ನಮ್ಮ ವಿಮಾನವನ್ನು ಮೂಗಿನ ಮೇಲೆ ದಬಕ್ಕನೆ ಇಳಿಸಿ, ಏನೂ ಆಗದವನ ಹಾಗೆ ಹ್ಯಾಂಗರ್ ಎಂಬ ವಿಮಾನದ ಷೆಡ್ಡಿಗೆ ತಳ್ಳಿ, ಬಾಗಿಲು ಎಳೆದುಕೊಂಡು ಹೋದವನು ಅವನೇ ಇರಬೇಕು. ಯಾಕೆಂದರೆ ಪಾಲುದಾರ ದಂತವೈದ್ಯರು "ನಾನು ತಗೊಂಡು ಹೋಗುವಾಗಲೇ ಹಾಗಿತ್ತು" ಎಂದರು. ಇನ್ನೊಬ್ಬ ಪಾಲುದಾರರು, ರಿಟೈರ್ಡ್ ಮೇಷ್ಟ್ರು, "ಚಳಿಗೆ ಹಾಗಾಗುತ್ತೆ" ಎಂದರು. ನಾನಂತೂ ಆ ವಾರವೆಲ್ಲ ಆಫೀಸಿನ ರಿಲೀಸ್ ಗಲಾಟೆಯಲ್ಲಿ ಲ್ಯಾಪ್‌ಟಾಪ್ ಬಿಟ್ಟು ಎದ್ದಿರಲಿಲ್ಲ. ಬಿಲ್ಲು ಮಾತ್ರ ಸಮನಾಗಿ ಮೂರು ಪಾಲು.

ಅಮೆರಿಕದಲ್ಲಿ ಸ್ವಂತ ವಿಮಾನ ಎಂದರೆ ಬಿಳಿ ಜೆಟ್ಟು, ಒಳಗೆ ಚರ್ಮದ ಸೋಫಾ ಎಂದು ಊರಲ್ಲಿ ತಿಳಿದುಕೊಂಡಿದ್ದಾರೆ. ಸುದ್ದಿ ತಿಪಟೂರು ಮುಟ್ಟಿದ ಸಂಜೆಯೇ ಚಿಕ್ಕಪ್ಪ ಸಾಲ ಕೇಳಿದ್ದರು. ನಮ್ಮದು 1970ರ ದಶಕದ, ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಮುದಿ ಜೀವ. ಯಾವ ಕಂಪನಿಯದ್ದು ಎಂದು ಹೇಳುವುದಿಲ್ಲ. ಆ ವಯಸ್ಸಿಗೆ ಯಾರ ಮೂಗಾದರೂ ಸೋರುತ್ತದೆ. ನನ್ನ ಪಾಲಿನ ದುಡ್ಡಿಗೆ ಒಂದು ಹೊಸ ಮಿನಿವ್ಯಾನ್ ಕೂಡ ಬರುತ್ತಿರಲಿಲ್ಲ. ಈ ಲೆಕ್ಕವನ್ನು ಹೆಮ್ಮೆಯಿಂದ ಒಪ್ಪಿಸಿದಾಗ ಮನೆಯವಳು, "ಮಿನಿವ್ಯಾನ್ ಆಗಿದ್ರೆ ಅಕ್ಕಿ ಮೂಟೆನಾದ್ರೂ ತರಬಹುದಿತ್ತು ರೀ" ಎಂದಳು.

ಶನಿವಾರ ಬೆಳಗ್ಗೆ ಹ್ಯಾಂಗರಿನ ಬಾಗಿಲು ತೆಗೆದರೆ ವಿಮಾನ ಮೂಗು ತಗ್ಗಿಸಿ, ಬಾಲ ಎತ್ತಿ ನಿಂತಿದೆ. ಮೂಗಿನ ಚಕ್ರದ ಮೇಲೆ ಸ್ಟ್ರಟ್ ಎನ್ನುವ ದಪ್ಪ ಕೊಳವೆ ಇರುತ್ತದೆ. ಅದರೊಳಗೆ ಕೆಂಪು ಹೈಡ್ರಾಲಿಕ್ ಎಣ್ಣೆ, ಎಣ್ಣೆಯ ಮೇಲೆ ಒತ್ತಿ ತುಂಬಿದ ನೈಟ್ರೋಜನ್. ಇಳಿಯುವಾಗಿನ ಪೆಟ್ಟನ್ನು ಇವೆರಡೂ ಸೇರಿ ನುಂಗಬೇಕು. ಸ್ಟ್ರಟ್ಟಿನ ಹೊಳೆಯುವ ಭಾಗ ಮೂರು ನಾಲ್ಕು ಬೆರಳಷ್ಟಾದರೂ ಹೊರಗೆ ಕಾಣಬೇಕು. ನಮಗೆ ಕಂಡದ್ದು ನೆಲದ ಮೇಲೆ ಅಂಗೈಯಗಲದ ಕೆಂಪು ಎಣ್ಣೆ. ಪ್ರೊಪೆಲ್ಲರಿನ ತುದಿ ನೆಲ ಮುಟ್ಟಲು ಹವಣಿಸುತ್ತಿತ್ತು. ತಿರುಗುತ್ತಿರುವಾಗ ಅದು ಮುಟ್ಟಿತೋ, ಮುಗೀತು: ಎಂಜಿನ್ ತೆರೆದು, ಪ್ರೊಪೆಲ್ಲರನ್ನು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎಂಬ ದಂಡದ ಗೇರು ಪರೀಕ್ಷಿಸಲೇಬೇಕೆಂದು ನಮ್ಮಂಥ ಲೈಕಮಿಂಗ್ ಕಂಪನಿಯ ಎಂಜಿನ್ನಿನವರಿಗೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ 2004ರ ಆದೇಶವೇ ಇದೆ. ಮಿನಿವ್ಯಾನಿನ ಮಾತು ಮನೆಯಲ್ಲಿ ಮತ್ತೆ ಏಳುವುದು ಆಗ.

ಚಳಿಗೆ ನೈಟ್ರೋಜನ್ ಕುಗ್ಗುವುದು ನಿಜ. ಮೇಷ್ಟ್ರು ಹೇಳಿದ್ದು ಅರ್ಧ ಸರಿ ಎಂಬುದೇ ನನಗೆ ಇನ್ನಷ್ಟು ರೇಗಿಸಿದ್ದು. ಚಳಿಗೆ ಎಣ್ಣೆ ಸೋರಿ ನೆಲಕ್ಕೆ ಬಂತೇ ಮೇಷ್ಟ್ರೇ?

ಇದರ ಜೊತೆಗೆ ಶಿಮ್ಮಿ ಬೇರೆ. ಇಳಿದ ಮೇಲೆ ಯಾವುದೋ ಒಂದು ವೇಗದಲ್ಲಿ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳುವ ರೋಗ ಅದು. ಒಳಗೆ ಕೂತವರಿಗೆ ಹಳೆಯ ಕೆಂಪು ಬಸ್ಸಿನ ಕೊನೆಯ ಸೀಟಿನಲ್ಲಿ ಚಾರ್ಮಾಡಿ ಘಾಟಿ ಇಳಿದ ಅನುಭವ. ತಡೆಯಲೆಂದೇ ಶಿಮ್ಮಿ ಡ್ಯಾಂಪರ್ ಎಂಬ ಸಣ್ಣ ಸಿಲಿಂಡರ್ ಕೂರಿಸಿರುತ್ತಾರೆ. ಆದರೂ ಟೈರಿನ ಬ್ಯಾಲೆನ್ಸ್ ತಪ್ಪಿದರೆ ಬರುತ್ತದೆ, ಬೇರಿಂಗ್ ಸಡಿಲವಾದರೆ ಬರುತ್ತದೆ, ಟಾರ್ಕ್ ಲಿಂಕ್ ಎಂಬ ಕೀಲಿನ ಬುಷ್ ಸವೆದರೆ ಬರುತ್ತದೆ, ಡ್ಯಾಂಪರಿನ ಎಣ್ಣೆ ಒಣಗಿದರೆ ಬರುತ್ತದೆ. ಹ್ಯಾಂಗರ್ ಸಾಲಿನ ಪ್ರತಿಯೊಬ್ಬರೂ ಒಂದೊಂದು ಅಭಿಪ್ರಾಯ ಇಟ್ಟುಕೊಳ್ಳಲು ಇದಕ್ಕಿಂತ ಅನುಕೂಲದ ರೋಗ ಇನ್ನೊಂದಿಲ್ಲ.

ಅವತ್ತು ನಮ್ಮ ಕಾರ್ಯಕ್ರಮ ಇದ್ದದ್ದು ಕೋಲಿಂಗಾ ಹತ್ತಿರದ ಹ್ಯಾರಿಸ್ ರಾಂಚಿಗೆ ಹಾರಿ ತಿಂಡಿ ತಿಂದು ಬರುವುದು. ಅದು ಗೋಮಾಂಸಕ್ಕೆ ಹೆಸರಾದ ಹೋಟೆಲು, ಪಕ್ಕದಲ್ಲೇ ಒಂದು ಇಕ್ಕಟ್ಟಾದ ರನ್‌ವೇ. ಹಾರಾಟದ ಖರ್ಚನ್ನೂ ಸೇರಿಸಿ ಇಂಥ ಪ್ರವಾಸಕ್ಕೆ ಪೈಲಟ್‌ಗಳು ನೂರು ಡಾಲರ್ ಹ್ಯಾಂಬರ್ಗರ್ ಎನ್ನುತ್ತಾರೆ. ನಾನು ಅಲ್ಲಿ ತಿನ್ನುವುದು ಟೋಸ್ಟು, ಜ್ಯಾಮು. ನೂರು ಡಾಲರಿನ ಟೋಸ್ಟು. ಹೇಗೂ ಆ ದಿನ ಯಾರೂ ಹಾರುವ ಹಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಚಳಿಗಾಲದ ಟೂಲಿ ಮಂಜು ಕವಿದರೆ ಎದುರು ಹ್ಯಾಂಗರೇ ಕಾಣುವುದಿಲ್ಲ. ಹಾರಲಾಗದ ಪೈಲಟ್‌ಗಳು ಮನೆಗೆ ಹೋಗುವುದಿಲ್ಲ. ಮನೆಗೆ ಹೋದರೆ ಗರಾಜು ಗುಡಿಸಬೇಕು. ಅವರು ಬೇರೆಯವರ ರಿಪೇರಿ ಎಲ್ಲಿ ನಡೆಯುತ್ತಿದೆ ಎಂದು ಹುಡುಕಿಕೊಂಡು ಬರುತ್ತಾರೆ.

ಮೊದಲು ಬರುವವರು ಚಾಂಪ್ ತಾತ. ಎದುರು ಹ್ಯಾಂಗರಿನವರು. ಅವರದು 1946ರ ಏರೋಂಕಾ ಚಾಂಪ್, ಮೂಗಿನ ಚಕ್ರದ ಬದಲು ಬಾಲದ ಕೆಳಗೆ ಪುಟ್ಟ ಚಕ್ರ ಇರುವ ಹಳೆಯ ಕಾಲದ ವಿಮಾನ. ಒಂದು ಕೈಯಲ್ಲಿ ಮಡಚುವ ಕುರ್ಚಿ, ಇನ್ನೊಂದರಲ್ಲಿ ಕಾಫಿ ಲೋಟ. ಕುರ್ಚಿ ಹಾಕಿ, ಕೂತು, ಒಂದು ಗುಟುಕು ಕುಡಿದು, ಯಾವ ಭಾಗ ಕೆಟ್ಟಿದೆ ಎಂದು ಕೇಳುತ್ತಾರೆ. ಹೇಳಿದ ಮೇಲೆ ಬಹಳ ಹೊತ್ತು ತಲೆದೂಗಿ ಅನ್ನುತ್ತಾರೆ: "ನನ್ನ ವಿಮಾನದಲ್ಲಿ ಆ ಭಾಗವೇ ಇಲ್ಲ."

ಆಲ್ಟರ್ನೇಟರ್ ಹೋಯಿತು ಎಂದು ನಾವು ತಲೆ ಮೇಲೆ ಕೈ ಹೊತ್ತು ಕೂತ ದಿನ ಬಂದರು. ನನ್ನ ವಿಮಾನದಲ್ಲಿ ಆ ಭಾಗವೇ ಇಲ್ಲ. ಬ್ಯಾಟರಿ ಸತ್ತ ದಿನವೂ ಅದೇ. ಸ್ಟಾರ್ಟರ್ ಕಚ್ಚಿಕೊಂಡ ದಿನವೂ ಅದೇ. ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಫ್ಲಾಪಿನ ಮೋಟಾರು ಕೈಕೊಟ್ಟಾಗ ಕುರ್ಚಿ ಬಿಚ್ಚುವ ಮೊದಲೇ ಅಂದುಬಿಟ್ಟರು. ಕೋಪ ಬರಲು ಮುಖ್ಯ ಕಾರಣ ಆ ಮಾತು ಪ್ರತಿ ಸಲವೂ ನಿಜ ಎಂಬುದು. ಆ ಚಾಂಪಿನಲ್ಲಿ ವಿದ್ಯುತ್ತಿನ ಏರ್ಪಾಡೇ ಇಲ್ಲ, ಫ್ಲಾಪಿಲ್ಲ, 65 ಅಶ್ವಶಕ್ತಿಯ ಎಂಜಿನ್ನನ್ನು ಪ್ರೊಪೆಲ್ಲರ್ ಹಿಡಿದು ಕೈಯಿಂದಲೇ ತಿರುವಿ ಎಬ್ಬಿಸಬೇಕು. 1956ರಲ್ಲಿ ಸೆಸ್ನಾ ಕಂಪನಿ ತನ್ನ 172 ಮಾದರಿಯನ್ನು ಮೂಗಿನ ಚಕ್ರದೊಂದಿಗೆ ತಂದು, ಆ ಚಕ್ರಗಳಿಗೆ ಲ್ಯಾಂಡ್-ಓ-ಮ್ಯಾಟಿಕ್ ಎಂದು ಜಾಹೀರಾತಿನಲ್ಲಿ ಹೆಸರಿಟ್ಟು ಮಾರಿತು. ಪೆಡಲ್ ಒತ್ತಿ ವಿಮಾನವನ್ನು ನೆಟ್ಟಗೆ ಓಡಿಸಬೇಕಾದ ಪೈಲಟ್‌ಗಳ ಕಾಲುಗಳು ಸೋಮಾರಿಯಾದದ್ದು ಆ ವರ್ಷದಿಂದ ಎಂಬುದು ತಾತನ ಸಿದ್ಧಾಂತ. 172 ನಲವತ್ತನಾಲ್ಕು ಸಾವಿರಕ್ಕೂ ಹೆಚ್ಚು ತಯಾರಾಗಿ, ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿದ ವಿಮಾನವಾಯಿತಲ್ಲ ತಾತ ಎಂದರೆ, "ಸೋಮಾರಿಗಳು ಅಷ್ಟು ಜನ ಇದ್ದಾರೆ" ಎನ್ನುತ್ತಾರೆ.

ಟೈರು ಬಿಚ್ಚುವುದು, ಬೇರಿಂಗಿಗೆ ಗ್ರೀಸ್ ಹಚ್ಚುವುದು, ಸ್ಟ್ರಟ್ಟಿಗೆ ಎಣ್ಣೆ, ಗಾಳಿ ತುಂಬುವುದು, ಇಷ್ಟನ್ನು ಪೈಲಟ್ ಆದ ಮಾಲೀಕನೇ ಮಾಡಿ ಲಾಗ್ ಪುಸ್ತಕದಲ್ಲಿ ಸಹಿ ಹಾಕಬಹುದು. "ಅಷ್ಟು ನೀವು ಮಾಡಿಡಿ, ಮಿಕ್ಕದ್ದು ಸೋಮವಾರ ನೋಡ್ತೀನಿ" ಎಂದು ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ. ಚಕ್ರ ಬಿಚ್ಚಬೇಕಾದರೆ ಮೂಗು ಎತ್ತಬೇಕು. ಮೂಗು ಎತ್ತಬೇಕಾದರೆ ಬಾಲ ಒತ್ತಬೇಕು. ಬಾಲಕ್ಕೆ ಕಟ್ಟುವ ತೂಕವನ್ನು ಯಾರೋ ಒಯ್ದಿದ್ದರು (ನಾಲ್ಕನೆಯವನೇ ಇರಬೇಕು). ದಂತವೈದ್ಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮಲ್ಲಿ ತೂಕ ಇರುವವನು ನೀನೇ" ಎಂದರು. ಮಾತಿನ ತೂಕವೋ ಎಂದು ಒಂದು ಕ್ಷಣ ಹಿಗ್ಗಿದೆ. ಅಲ್ಲ.

"ಎರಡು ನಿಮಿಷ" ಎಂದರು. ಬಾಲದ ರೆಕ್ಕೆ ಒತ್ತಬಾರದು, ತಗಡು ಬಗ್ಗುತ್ತದೆ. ಅದರ ಮುಂದೆ, ಒಳಗೆ ಗಟ್ಟಿ ಚೌಕಟ್ಟಿರುವ ಜಾಗದಲ್ಲೇ ಒತ್ತಬೇಕು. ಎರಡೂ ಅಂಗೈ, ಎದೆ, ಗಲ್ಲ ಎಲ್ಲವನ್ನೂ ಊರಿ ನಿಂತೆ. ಮೂಗು ಮೇಲೆದ್ದಿತು. ಅವರು ಚಕ್ರ ಕಳಚಿದರು. ಕಳಚಿ, ಬೇರಿಂಗನ್ನು ಬೆಳಕಿಗೆ ಹಿಡಿದರು. ಅಲ್ಲಿಂದ ಮುಂದೆ ಅದು ರಿಪೇರಿಯಾಗಿ ಉಳಿಯಲಿಲ್ಲ, ವಿಚಾರ ಸಂಕಿರಣವಾಯಿತು.

ಮಂಜಿನೊಳಗಿಂದ ಒಬ್ಬೊಬ್ಬರೇ ಮೂಡಿ ಬಂದರು. ಎಲ್ಲರೂ ಮೂಗಿನ ಕಡೆ. ಗ್ರೀಸ್ ಯಾವ ಬಣ್ಣದ್ದು ಒಳ್ಳೆಯದು ಎಂಬ ಚರ್ಚೆ ಆಯಿತು. ಆಮೇಲೆ ಕಥೆಗಳು. ವಿಮಾನ ಎಳೆಯುವ ಟೋ ಬಾರ್ ಎಂಬ ಸಲಾಕೆಯನ್ನು ಮೂಗಿನ ಚಕ್ರಕ್ಕೇ ಸಿಕ್ಕಿಸಿ ಮರೆತು ಎಂಜಿನ್ ಸ್ಟಾರ್ಟ್ ಮಾಡಿದವನ ಕಥೆ. ಅದಕ್ಕೇ ಟೋ ಬಾರ್ ಕೈಯಲ್ಲಿ ಇಲ್ಲದಿದ್ದರೆ ವಿಮಾನದಲ್ಲೂ ಇರಬಾರದು ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ವೇಗವಾಗಿ ಬಂದು, ನೆಲಕ್ಕೆ ಮೂಗು ಕುಟ್ಟಿ, ಪುಟಿದು, ಮತ್ತೆ ಕುಟ್ಟಿ, ಎರಡನೇ ಪುಟಿತದಲ್ಲೇ ಮೇಲೆ ಹೋಗುವ ಬದಲು ಮೂರನೆಯದಕ್ಕೂ ಕಾದು ಚಕ್ರ ಮುರಿದುಕೊಂಡವನ ಕಥೆ. ಎಲ್ಲ ಕಥೆಯ ನಾಯಕನೂ "ನನ್ನ ಸ್ನೇಹಿತನೊಬ್ಬ". ಇಷ್ಟೊಂದು ಕೆಟ್ಟ ಪೈಲಟ್ ಸ್ನೇಹಿತರು ಈ ಸಜ್ಜನರಿಗೆ ಎಲ್ಲಿ ಸಿಕ್ಕರು?

ದಂತವೈದ್ಯರು ನಡುನಡುವೆ ನನ್ನನ್ನೂ ವಿಚಾರಿಸುತ್ತಿದ್ದರು. ಮಕ್ಕಳು ಹೇಗಿದ್ದಾರೆ, ಆಫೀಸು ಹೇಗಿದೆ. ಮನುಷ್ಯ ಬಾಯಿ ಬಿಡಲಾಗದ ಸ್ಥಿತಿಯಲ್ಲಿರುವಾಗಲೇ ಪ್ರಶ್ನೆ ಕೇಳುವುದು ಅವರ ವೃತ್ತಿಯ ಅಭ್ಯಾಸ. ಬಿಟ್ಟುಬಿಡೋಣ ಎಂದರೆ ಅವರ ಬಲಗೈ ಚಕ್ರ ಇರಬೇಕಾದ ಜಾಗದಲ್ಲಿತ್ತು. ಊರಿನ ಅರ್ಧ ಜನದ ಹಲ್ಲು ನನ್ನ ಎದೆಯ ಭಾರದ ಮೇಲೆ ನಿಂತಿತ್ತು.

ಅಷ್ಟರಲ್ಲಿ ಅಮ್ಮನ ಫೋನು. ಅಲ್ಲಿ ಶನಿವಾರ ರಾತ್ರಿ, ಊಟ ಮುಗಿಸಿ ಮಾಡುವ ವಾರದ ಕರೆ. ಮೇಷ್ಟ್ರು ಕರುಣೆಯಿಂದ ನನ್ನ ಜೇಬಿಗೆ ಕೈಹಾಕಿ ಸ್ಪೀಕರ್ ಒತ್ತಿದರು.

"ಏನ್ ಮಾಡ್ತಿದ್ದೀಯೋ, ಏದುಸಿರು ಬಿಡ್ತಿದ್ದೀಯಾ?"

"ಬಾಲ ಹಿಡ್ಕೊಂಡಿದ್ದೀನಮ್ಮ."

"ಯಾವುದರದ್ದೋ?"

"ವಿಮಾನದ್ದು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದಳು. "ತಿಂಡಿ ಆಯ್ತಾ?" ಎಂದಳು. ಆಗಿಲ್ಲ ಎಂದೆ. ಯಾಕೆ ಹಿಡಿದುಕೊಂಡಿದ್ದೇನೆ, ಬಿಟ್ಟರೆ ಏನಾಗುತ್ತದೆ ಎಂದೆಲ್ಲ ಕೇಳಿ ತಿಳಿದುಕೊಂಡಳು. ಆಮೇಲೆ, "ಅಲ್ವೋ, ಅಷ್ಟೆಲ್ಲ ಓದಿದೋರು ಇದ್ದೀರಂತೆ, ಒಂದು ಕಲ್ಲು ಕಟ್ಟೋಕಾಗಲ್ವೇನೋ ಅದಕ್ಕೆ?"

ಮೇಷ್ಟ್ರು ಏನಂತೆ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಸಂಕಿರಣ ನಿಂತಿತು. ಚಾಂಪ್ ತಾತ ಕಾಫಿ ಲೋಟ ಕೆಳಗಿಟ್ಟು, "ನನ್ನ ಹ್ಯಾಂಗರಿನಲ್ಲಿ ಕಾಂಕ್ರೀಟ್ ತುಂಬಿ ಕೊಕ್ಕೆ ಹಾಕಿದ ಬಕೆಟ್ಟು ಇದೆ. ಎರಡು" ಎಂದರು. ಮೂಗಿನ ಕಡೆಯವರೆಲ್ಲ ಅವರನ್ನು ನೋಡಿದರು. "ನನ್ನ ವಿಮಾನಕ್ಕೆ ಅದು ಬೇಕಾಗಲ್ಲ. ಗಾಳಿಗೆ ಬಾಗಿಲು ಹೊಡ್ಕೋಬಾರದು ಅಂತ ಇಟ್ಟಿದ್ದೆ. ನೀವು ಯಾರೂ ಕೇಳಲಿಲ್ಲವಲ್ಲ?"

ಬಕೆಟ್ಟುಗಳು ಬಂದವು. ಬಾಲದ ಉಂಗುರಕ್ಕೆ ಕೊಕ್ಕೆ ಹಾಕಿ ಕಟ್ಟಿದರು. ನಾನು ಕೈ ಬಿಟ್ಟೆ. ಮೂಗು ಅಲ್ಲಾಡಲಿಲ್ಲ. ನನ್ನ ಅಂಗಿಯ ಮೇಲೆ ರಿವೆಟ್ಟುಗಳ ಸಾಲು ಅಚ್ಚಾಗಿತ್ತು. ಯಾರೋ ಒಬ್ಬರು ಡೋನಟ್ ಕೊಟ್ಟರು. ಅದನ್ನೂ ಹೇಳಬೇಕು. ಗ್ರೀಸ್ ಹತ್ತಿದ ಕೈಯಲ್ಲೇ ಕೊಟ್ಟರು, ಅದೂ ಕೊನೆಯ ಡೋನಟ್.

ಸೋಮವಾರ ಮೆಕ್ಯಾನಿಕ್ ಟಾರ್ಚು ಹಿಡಿದು ಮೊದಲು ಫೈರ್‌ವಾಲ್ ನೋಡಿದ. ಮೂಗಿನ ಮೇಲೆ ಜೋರಾಗಿ ಇಳಿಸಿದರೆ ಎಂಜಿನ್ನಿನ ಹಿಂದಿನ ಆ ತಗಡು ಸುಕ್ಕಾಗುತ್ತದೆ. ಸುಕ್ಕಾಗಿರಲಿಲ್ಲ. ಸ್ಟ್ರಟ್ಟಿನ ಸೀಲು ಹೋಗಿತ್ತು, ಟಾರ್ಕ್ ಲಿಂಕಿನ ಬುಷ್ ಸವೆದಿತ್ತು, ಡ್ಯಾಂಪರ್ ಒಣಗಿತ್ತು. "ಇಳಿಸಿದವರು ಯಾರು?" ಎಂದು ಕೇಳಿದ. ಮೂವರೂ ಬೇರೆ ಬೇರೆ ದಿಕ್ಕಿಗೆ ನೋಡಿದೆವು. ಇಲ್ಲಿನ ವಿಮಾನ ಮಾಲೀಕರು ಖರ್ಚನ್ನು ಎಎಂಯು ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಎಎಂಯು ಎಂದರೆ ಸಾವಿರ ಡಾಲರ್. ಮನೆಯಲ್ಲಿ ಕೇಳಿದರೆ ಎರಡೇ ಆಯಿತು ಎನ್ನಲು ಅನುಕೂಲ. ಎರಡೇ ಆಯಿತು. ಯಾರು ಹೆಚ್ಚು ಹಾರುತ್ತಾರೋ ಅವರು ಹೆಚ್ಚು ಕೊಡಲಿ ಎಂದು ದಂತವೈದ್ಯರು ಗುಂಪಿಗೆ ಮೆಸೇಜು ಹಾಕಿದರು. ಲಾಗ್ ನೋಡಿದರೆ ಹೆಚ್ಚು ಹಾರಿದವರು ಅವರೇ. ಮೆಸೇಜು ಅಳಿಸಿದರು.

ಬಕೆಟ್ಟು ವಾಪಸು ಕೊಡಲು ಹೋದಾಗ ತಾತ ಒಬ್ಬರೇ ಇದ್ದರು. ಚಾಂಪಿನಂಥ ಹಗುರ ವಿಮಾನ ಹಾರಿಸಲು ಅವರಿಗೆ ಮೆಡಿಕಲ್ ಎಂಬ ವೈದ್ಯರ ಸರ್ಟಿಫಿಕೇಟು ಬೇಕಿಲ್ಲ, ಕಾರಿನ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕು. ಆ ಲೈಸೆನ್ಸಿನ ನವೀಕರಣ ಬರುವ ತಿಂಗಳಿಗೆ. ಕಣ್ಣು ಪರೀಕ್ಷೆ ಇರುತ್ತದೆ. ಗೋಡೆಗೆ ಅಕ್ಷರಗಳ ಚಾರ್ಟು ಅಂಟಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ಕಡೆಯ ಸಾಲು ಬಾಯಿಪಾಠ ಆಗಿದೆ, ಅಲ್ಲಿ ಬೇರೆ ಚಾರ್ಟು ಇಟ್ಟರೆ ಏನು ಗತಿ ಎಂದು ನಗಾಡಿದರು. ನಾನೂ ನಕ್ಕೆ. ಕುರ್ಚಿ ಹಿಡಿದು ಬಂದು ನಮ್ಮ ಕೆಟ್ಟ ಭಾಗಗಳನ್ನು ಹೀಗಳೆಯಲು ಎದುರು ಹ್ಯಾಂಗರಿನಲ್ಲಿ ಬೇರೆ ಯಾರು ಬಂದಾರು ಎಂದು ಯೋಚಿಸಿ, ಬಕೆಟ್ಟು ಎಲ್ಲಿಡಲಿ ಎಂದಷ್ಟೇ ಕೇಳಿದೆ.

ಮೊನ್ನೆ ಮಧ್ಯಾಹ್ನ ಮಂಜು ಕರಗಿದ ಮೇಲೆ ಅವರು ಹಾರಿದರು. ಈಗ ಭುಜ ಎತ್ತಲು ಆಗುವುದಿಲ್ಲವಾದ್ದರಿಂದ ಪ್ರೊಪೆಲ್ಲರ್ ತಿರುವಿದ್ದು ಮೇಷ್ಟ್ರು. ಬಾಲದ ಹಗ್ಗ ಬಿಚ್ಚಿದ್ದು ನಾನು, ಬಾಲದ ಅನುಭವಸ್ಥ. ಒಂದು ಸುತ್ತು ಹಾಕಿ ಬಂದು ಮೂರೂ ಚಕ್ರ ಒಟ್ಟಿಗೆ ತಾಗುವಂತೆ ಹೂವಿನ ಹಾಗೆ ಇಳಿಸಿದರು. ಮರುಕ್ಷಣ ಬಾಲದ ಪುಟ್ಟ ಚಕ್ರ ಗಡಗಡಗಡ ಎಂದು ಹೊಡೆದುಕೊಳ್ಳತೊಡಗಿತು. ಶುದ್ಧ ಶಿಮ್ಮಿ. ಹ್ಯಾಂಗರ್ ಸಾಲಿನವರೆಲ್ಲ ಹೊರಗೆ ಬಂದು ನಿಂತೆವು. ತಾತ ಎಂಜಿನ್ ಆರಿಸಿ, ನಿಧಾನಕ್ಕೆ ಇಳಿದು, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಈ ರನ್‌ವೇ ತುಂಬಾ ಹಾಳಾಗಿದೆ" ಎಂದರು.

ದಂತವೈದ್ಯರು ಬಾಯಿ ತೆರೆದರು. ಮೇಷ್ಟ್ರು ಅವರ ಕಾಲು ತುಳಿದರು. ಹೌದು ತಾತ, ತುಂಬಾ ಹಾಳಾಗಿದೆ, ಹೇಳಿ ಸರಿಮಾಡಿಸಬೇಕು ಎಂದೆವು ನಾವೆಲ್ಲ. ಆ ರನ್‌ವೇಗೆ ಹೋದ ಬೇಸಿಗೆಯಲ್ಲಷ್ಟೇ ಹೊಸ ಡಾಂಬರು ಹಾಕಿದ್ದರು.