ಅವನಿಗೆ ಬೇಕಾಗಿದ್ದು ಹಿಟ್ಟು

ನಿನ್ನೆ ರಾತ್ರಿ 'ತುಂಬಾಡ್' ಅನ್ನೋ ಹಿಂದಿ ಸಿನಿಮಾ ಮತ್ತೆ ನೋಡಿದೆ. 2018ರಲ್ಲಿ ಬಂದಾಗ ನೋಡಿದ್ದೆ, ಹೆದರಿದ್ದೆ, ಮರೆತಿದ್ದೆ. ಈ ಸಲ ತೀರ್ಥಹಳ್ಳಿ ಮನೆಯಲ್ಲಿ, ಹೊರಗೆ ಜಡಿಮಳೆ. ಸಿನಿಮಾದ ಊರಲ್ಲೂ ಬಿಡದ ಮಳೆ. ಅಲ್ಲಿ ಅದು ದೇವರುಗಳ ಸಿಟ್ಟು.

ಪಕ್ಕದಲ್ಲಿ ಕಾಲೇಜಿಗೆ ಹೋಗುವ ಅಣ್ಣನ ಮಗ ಕೂತಿದ್ದ. ನಡುವೆ ಕೇಳಿದ, "ಚಿಕ್ಕಪ್ಪ, ಅವನ ಹತ್ರ ಅಷ್ಟು ಚಿನ್ನ ಇದೆ. ಒಂದು ಹಿಟ್ಟಿನ ಗೊಂಬೆಗೆ ಯಾಕೆ ಹಂಗೆ ಮೇಲೆ ಬೀಳ್ತಾನೆ?"

ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ಅವನು ಕೇಳಿದ್ದು ಹಸ್ತರ್ ಬಗ್ಗೆ. ಸಿನಿಮಾದ ಕಥೆಯಲ್ಲಿ ಹಸ್ತರ್ ಸಮೃದ್ಧಿಯ ದೇವಿಯ ಮೊದಲ ಮಗ. ಅಮ್ಮನ ಚಿನ್ನವೆಲ್ಲ ಅವನ ಕೈಗೆ ಬಂತು. ಧಾನ್ಯಕ್ಕೆ ಕೈ ಹಾಕುವಾಗ ಉಳಿದ ದೇವರುಗಳು ತಡೆದರು. ಅಂದಿನಿಂದ ಅವನು ಅಮ್ಮನ ಗರ್ಭದಲ್ಲಿ ಚಿನ್ನ ಇಟ್ಟುಕೊಂಡು ಉಪವಾಸ ಇದ್ದಾನೆ. ಕಥೆಯ ನಾಯಕ ವಿನಾಯಕ ಹಿಟ್ಟಿನ ಗೊಂಬೆ ತೋರಿಸಿ ಕರೆಯುತ್ತಾನೆ, ತಿನ್ನಲು ಬಂದಾಗ ಹಸ್ತರ್‌ನ ಸೊಂಟದ ಬಟ್ಟೆಯಿಂದ ನಾಣ್ಯ ಉದುರಿಸಿಕೊಳ್ಳುತ್ತಾನೆ. ಹಸಿದವನಿಗೆ ತುತ್ತು ತೋರಿಸಿ ಮಾಡುವ ಕಳ್ಳತನ ಅದು. ಅಯ್ಯೋ, ಇದನ್ನೆಲ್ಲ ಬಿಟ್ಟು 'ದುರಾಸೆಯ ಕಥೆ' ಅಂತ ಒಂದೇ ಸಾಲಲ್ಲಿ ಮುಗಿಸ್ತಾರಲ್ಲ, ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸಿನಿಮಾ ಶುರುವಾಗುವುದೇ ದುರಾಸೆ ಬಗ್ಗೆ ಗಾಂಧೀಜಿ ಹೆಸರಿನ ಮಾತಿನಿಂದ, ಒಪ್ಪಿದೆ. ಅದು ಹೊಸಿಲು. ಅಲ್ಲೇ ನಿಂತು ಮನೆಯೆಲ್ಲ ನೋಡಿಬಂದೆ ಅಂದ್ರೆ ಹೇಗೆ?

ಮಲೆನಾಡಿನ ನಮಗಾದರೂ ಈ ಹಸಿವು ಕಾಣಬೇಕಿತ್ತು, ಅಲ್ವಾ?

ನಮ್ಮ ಮನೆ ಮುಂದಿನ ಗದ್ದೆಯನ್ನು ತೋಟ ಮಾಡಿಸಿದ್ದು ನಾನೇ. ಅಪ್ಪ ಬೇಡ ಅಂದರು. ಅಡಿಕೆ ದರ ಹೇಳಿ ಅವರ ಬಾಯಿ ಮುಚ್ಚಿಸಿದೆ. ಈಗ ರಾಶಿ ಅಡಿಕೆ ಶಿವಮೊಗ್ಗದ ಮಂಡಿಗೆ ಹೋಗುತ್ತದೆ, ಅಕ್ಕಿ ಅಂಗಡಿಯಿಂದ ಬರುತ್ತದೆ. ಭತ್ತ ತುಂಬಿಡುತ್ತಿದ್ದ ಪಣತ ಖಾಲಿ. ಅಂಗಡಿ ಅಕ್ಕಿಯಲ್ಲಿ ಕಡುಬು ಸರಿ ಬರಲ್ಲ ಅಂತ ಅಮ್ಮ ಪ್ರತಿ ಸಲ ಹೇಳ್ತಾರೆ. ನಾನು ಸುಮ್ನೆ ತಿಂದು ಏಳುತ್ತಿದ್ದೆ. ಅಡಿಕೆ ಇಲ್ಲದೆ ಮಕ್ಕಳ ಓದು, ಸಾಲದ ಕಂತು ಹೇಗೆ ಅಂತ ನೀವು ಕೇಳ್ತೀರಿ. ಅಪ್ಪನಿಗೆ ನಾನೂ ಅದನ್ನೇ ಕೇಳಿದ್ದೆ. ಅವರು ಉತ್ತರ ಕೊಡದೆ ಎದ್ದು ಹೋಗಿದ್ದರು.

ಹಸ್ತರ್‌ನನ್ನು ಮೊದಲ ಸಲ ನೋಡಿದಾಗ ರಾಕ್ಷಸ ಅನ್ನಿಸಿದ್ದ. ನಿನ್ನೆ ಅವನ ಮೇಲೆ ಕನಿಕರ ಬಂತು.

1918ರಲ್ಲಿ ಶುರುವಾಗುವ ಕಥೆ 1947ಕ್ಕೆ ಬಂದು ನಿಲ್ಲುತ್ತದೆ. ವಿನಾಯಕ ತಾನೇ ಶಾಪ ಹತ್ತಿ ವಿಕಾರವಾಗಿ, ಚಿನ್ನ ತುಂಬಿದ ಆ ಬಟ್ಟೆಯನ್ನು ಮಗನ ಕಡೆ ಚಾಚುತ್ತಾನೆ. ಹುಡುಗ ತಗೊಳ್ಳಲ್ಲ. ಆಗ ಪಕ್ಕಕ್ಕೆ ತಿರುಗಿ ಅಣ್ಣನ ಮಗನ ಮುಖ ನೋಡಲು ನನ್ನಿಂದ ಆಗಲಿಲ್ಲ. ತೋಟ ನಾಳೆ ಅವನದೇ.