ಐಯುಸಿಎನ್ ಅಧ್ಯಕ್ಷಗಿರಿ: ಒಂದು ಸ್ಪಷ್ಟನೆ
ಅಳಿವಿನ ಅಪಾಯದಲ್ಲಿರುವ ಜೀವಿಗಳ ‘ಕೆಂಪು ಪಟ್ಟಿ’ ಹೊರತರುವ ಜಾಗತಿಕ ನಿಸರ್ಗ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ಗೆ ಅಧ್ಯಕ್ಷರಾದ ಮೊದಲ ಭಾರತೀಯ ಪರಿಸರ ತಜ್ಞ ಅಶೋಕ್ ಖೋಸ್ಲಾ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಖೋಸ್ಲಾ ಅವರು ಆಯ್ಕೆಯಾದದ್ದು 2008ರಲ್ಲಿ, ಬಾರ್ಸಿಲೋನಾದಲ್ಲಿ. ಅದಕ್ಕೂ ಬಹಳ ಹಿಂದೆ, 1984ರಿಂದ 1990ರವರೆಗೆ, ಆ ಹುದ್ದೆಯಲ್ಲಿದ್ದವರು ಎಂ.ಎಸ್. ಸ್ವಾಮಿನಾಥನ್. ಹಸಿರು ಕ್ರಾಂತಿಯ ಹೆಸರಿನಡಿ ಅವರ ಈ ಸೇವೆ ಮರೆತೇ ಹೋಗಿದೆ. ಅದು ಬೇಸರದ ಸಂಗತಿ. ಆ ಅವಧಿಯ ಮೊದಲ ವರ್ಷಗಳಲ್ಲಿ ಅವರು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಮಹಾನಿರ್ದೇಶಕರೂ ಆಗಿದ್ದರು.

ಇನ್ನೊಂದು ಗೊಂದಲ: ಖೋಸ್ಲಾ ಅವರನ್ನು ಕೆಲವರು ಐಯುಸಿಎನ್‌ನ ಮಹಾನಿರ್ದೇಶಕರೆಂದೂ ಬರೆಯುತ್ತಾರೆ. ಇವು ಬೇರೆ ಬೇರೆ ಹುದ್ದೆಗಳು. ಅಧ್ಯಕ್ಷರನ್ನು ಸದಸ್ಯ ಸಂಸ್ಥೆಗಳು ಚುನಾಯಿಸುತ್ತವೆ. ಸ್ವಿಟ್ಜರ್ಲೆಂಡ್‌ನ ಗ್ಲಾಂಡ್‌ನಲ್ಲಿರುವ ಕೇಂದ್ರ ಕಚೇರಿಯ ದಿನನಿತ್ಯದ ಆಡಳಿತ ಮಹಾನಿರ್ದೇಶಕರದು. ಖೋಸ್ಲಾ ಅವಧಿಯಲ್ಲಿ ಆ ಸ್ಥಾನದಲ್ಲಿದ್ದವರು ಜೂಲಿಯಾ ಮಾರ್ಟನ್-ಲೆಫೆವ್ರ್.